ನಿಂತ ರಸದ ಕಹಿ

ಕಿತ್ತಳೆ ರಸ ಸೋಸಿದ ಬಟ್ಟೆಯನ್ನು ಅವಳು ನಲ್ಲಿಯ ಕೆಳಗೆ ಹಿಡಿದು ನಾರು ಬಿಡಿಸುತ್ತಿದ್ದಾಗ, ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಫ್ಲಾಸ್ಕ್ ಹಿಡಿದು ಬಂದು ನಿಂತರು.

"ಇದನ್ನ ನೀನೇ ಕುಡಿಯಮ್ಮ. ಬೆಳಿಗ್ಗೆ ಎಷ್ಟು ಚೆನ್ನಾಗಿತ್ತು! ಈಗ ನಾಲಿಗೆ ಮೇಲಿಡೋಕಾಗಲ್ಲ. ನಿನ್ನ ಹಣ್ಣು ಬೆಳಿಗ್ಗೆ ಹೊಸ ಸೊಸೆ, ಸಂಜೆಗೆ ಹಳೇ ಅತ್ತೆ!"

"ನಿಮ್ಮ ಬಾಯಿಂದಲೇ ಬಂತಲ್ಲ ಅತ್ತೆ ಈ ಮಾತು," ಎಂದು ಅವಳು ನಕ್ಕಳು.

ಅತ್ತೆ ಹೇಳಿದ್ದು ಅವಳಿಗೆ ಗೊತ್ತಿರದ ಸಂಗತಿಯೇನಲ್ಲ. ಊರಾಚೆಯ ಹಣ್ಣಿನ ಸಂಶೋಧನಾ ಕೇಂದ್ರದಲ್ಲಿ ಕಿತ್ತಳೆಯ ಹೊಸ ತಳಿ ರೂಪಿಸುವುದೇ ಅವಳ ಕೆಲಸ. ಒಂದು ಮರದ ಹೂವಿನ ಪರಾಗವನ್ನು ಇನ್ನೊಂದು ಮರದ ಹೂವಿಗೆ ಸವರಿ, ಬಂದ ಬೀಜ ನೆಟ್ಟು, ಅದು ಹಣ್ಣು ಬಿಡುವವರೆಗೆ ಕಾದು, ನೂರರಲ್ಲಿ ತೊಂಬತ್ತೊಂಬತ್ತನ್ನು ಕಿತ್ತೆಸೆಯುವ ಕೆಲಸ. ಉಳಿದ ಒಂದಕ್ಕೆ ಕೇಂದ್ರದವರೆಲ್ಲ ಸೇರಿ ಮದುಮಗಳು ಎಂದು ಹೆಸರಿಟ್ಟಿದ್ದರು. ನುಣುಪು ಸಿಪ್ಪೆ, ಒಳಗೆ ಒಂದೂ ಬೀಜವಿಲ್ಲ, ಹಿಂಡಿದರೆ ಧಾರಾಳ ರಸ.

ರುಚಿ ನೋಡುವುದಕ್ಕೆ ಕೇಂದ್ರದಲ್ಲಿ ಒಂದು ಕಟ್ಟುನಿಟ್ಟಿನ ಕ್ರಮವಿತ್ತು. ಮೇಜಿನ ಸುತ್ತ ಐವರು ಕೂರಬೇಕು, ಹಿಂಡಿದ ರಸವನ್ನು ಆಗಿಂದಾಗಲೇ ಪುಟ್ಟ ಲೋಟಗಳಲ್ಲಿ ಕೊಡಬೇಕು. ಸ್ವಲ್ಪ ಹೊತ್ತು ನಿಂತ ರಸವನ್ನು ಚೆಲ್ಲಿ ಹೊಸದು ಹಿಂಡಬೇಕು. ಶುಚಿಗೆಂದು ಯಾರೋ ಹಿಂದೆ ಮಾಡಿದ ನಿಯಮ. ಹೀಗೆ ಪ್ರತಿ ಸುಗ್ಗಿಯಲ್ಲೂ ಅವರು ಸಿಹಿಯನ್ನು ಕುಡಿದು, ಇನ್ನೂ ಹುಟ್ಟದ ಕಹಿಯನ್ನು ತಮ್ಮ ಕೈಯಾರೆ ಬಚ್ಚಲಿಗೆ ಸುರಿದಿದ್ದರು.

ಮದುಮಗಳ ರಸಕ್ಕೆ ಪುದೀನ, ನಿಂಬೆಹುಲ್ಲು ಬೆರೆಸಿ, ಬಿಸಿಮಾಡಿ ಬಾಟಲಿಗೆ ತುಂಬುವ ಕಾರ್ಖಾನೆ ಬಂದ ಮೇಲೆ ತೊಡಕು ಕಾಣಿಸಿತು. ಬಾಟಲಿಗಳು ಕಹಿಯಾಗಿ ವಾಪಸು ಬಂದವು. ಕಾರ್ಖಾನೆಯವರು ಪುದೀನವನ್ನು ಬೈದರು, ಆಮೇಲೆ ನಿಂಬೆಹುಲ್ಲನ್ನು ಬೈದರು. ಹಣ್ಣಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅವಳಿಗೆ ಬಂತು. ಒಂದು ದಿನ ಬರಿಯ ರಸವನ್ನು ಲೋಟದಲ್ಲಿ ಮುಚ್ಚಿಟ್ಟು, ಸಂಜೆ ಬಾಯಿಗಿಟ್ಟರೆ ಬರೀ ಕಹಿ.

ಮದುಮಗಳ ಸಸಿ ಹಂಚುವುದನ್ನು ನಿಲ್ಲಿಸಬೇಕು, ಅದನ್ನು ನೆಡಲೆಂದು ಹಳೆಯ ಮರಗಳನ್ನು ಕಡಿಯದಂತೆ ಬೆಳೆಗಾರರಿಗೆ ತಿಳಿಸಬೇಕು ಎಂದು ತೋಟಗಾರಿಕೆ ಕಚೇರಿಗೆ ಅಂದೇ ಕಾಗದ ಬರೆದಳು. ಆಗ ಗಿಡಗಳಲ್ಲಿ ಹೂವಿತ್ತು. ಈಗ ಹಣ್ಣು ಕೊಯ್ಲಿಗೆ ಬಂದಿದೆ, ಕಾಗದ ಮಾತ್ರ ಇನ್ನೂ ಅವಳ ಕೈಚೀಲದಲ್ಲೇ ಇದೆ.

ಕೈ ತಡೆದದ್ದು ಗಂಡನ ಮುಖ. ಅವನು ಕಸಿಗಾರ. ಮನೆಯ ಹಿಂದಿನ ಸಸಿತೋಟ ಅವನದೇ. ಹೆಂಡತಿಯ ಮಾತು ನಂಬಿ ಬೇರೆಲ್ಲ ಬಿಟ್ಟು, ಸಾಲುಸಾಲಾಗಿ ಮದುಮಗಳನ್ನೇ ಕಸಿಮಾಡಿ ನಿಲ್ಲಿಸಿದ್ದ.

ಬಟ್ಟೆ ಹಿಂಡಿ ಹರವಲು ಅವಳು ಹಿತ್ತಿಲಿಗೆ ಬಂದಾಗ, ಗಂಡನೆದುರು ಬೆಳೆಗಾರ್ತಿಯೊಬ್ಬಳು ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

"ಅಣ್ಣಾ, ಸಸಿ ಗಟ್ಟಿ ನೋಡಿ ಕೊಡಿ. ಹೋದ ಸಲ ನಮ್ಮ ಭಾವನಿಗೆ ಕೊಟ್ಟಿದ್ದು ಸೊಳ್ಳೆ ಕಾಲಿನ ಥರ ಇತ್ತು."

"ನಿಮ್ಮ ಭಾವ ನೀರು ಹಾಕಿದ್ರೆ ತಾನೆ ದಪ್ಪ ಆಗೋದು," ಎಂದ ಗಂಡ, ಸಸಿಗೆ ಕಸಿಪಟ್ಟಿ ಸುತ್ತುತ್ತಲೇ.

ಬೆಳೆಗಾರ್ತಿ ಅವಳತ್ತ ತಿರುಗಿದಳು. "ಬನ್ನಿ ಮೇಡಂ, ನಿಮ್ಮ ಹಣ್ಣಿಗೋಸ್ಕರ ಅಪ್ಪ ನೆಟ್ಟ ಮರಗಳನ್ನೆಲ್ಲ ತೆಗೆಸ್ತಾ ಇದೀನಿ. ಒಂದೊಂದೂ ಒಂದೊಂದು ಜಾತಿ, ಬರೀ ಬೀಜ. ತಿಂದ್ರೆ ಉಗುಳೋದೇ ಒಂದು ಕೆಲಸ."

"ರಸ ಹೇಗಿರುತ್ತೆ?"

"ಹುಳಿ ಸ್ವಲ್ಪ ಮುಂದು. ಆದ್ರೆ ಕೆಡಲ್ಲ ನೋಡಿ. ಇವತ್ತು ಹಿಂಡಿಟ್ಟಿದ್ದನ್ನ ನಾಳೆ ಕುಡಿದ್ರೂ ಅದೇ ರುಚಿ."

ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೀರು ಕಾಲಮೇಲೆ ತೊಟ್ಟಿಕ್ಕುತ್ತಿತ್ತು. ಮುಂದೆ ಕಹಿಯಿಲ್ಲದ ತಳಿಯೊಂದು ಬರಬೇಕಾದರೆ ಬೇಕಿರುವುದು ಇಂಥ ಮರಗಳೇ.

"ಕಡಿಸಬೇಡಿ," ಎಂದಳು. "ಮದುಮಗಳು ಕಿತ್ತು ತಿನ್ನೋಕೆ ಸರಿ. ರಸ ನಿಂತ್ರೆ ಕಹಿಯಾಗುತ್ತೆ. ಕಾರ್ಖಾನೆಯವರು ಇವತ್ತಲ್ಲ ನಾಳೆ ಬೇಡ ಅಂತಾರೆ."

ಗಂಡನ ಕೈಯಲ್ಲಿದ್ದ ಪಟ್ಟಿ ಅಲ್ಲೇ ನಿಂತಿತು. ಬೆಳೆಗಾರ್ತಿ ಅವನ ಮುಖ ಒಮ್ಮೆ, ಅವಳ ಮುಖ ಒಮ್ಮೆ ನೋಡಿದಳು.

"ಎರಡು ಮರ ನೆನ್ನೆ ಉರುಳಿಸಿ ಆಯ್ತಲ್ಲ ಮೇಡಂ. ನಿಮಗೆ ಯಾವಾಗ ಗೊತ್ತಾಯ್ತು ಇದು?"

ಅವಳು ತಲೆ ತಗ್ಗಿಸಿ ಬಟ್ಟೆಯನ್ನು ಮತ್ತೆ ಹಿಂಡಿದಳು. ಬೆಳೆಗಾರ್ತಿಗೆ ಅಷ್ಟೇ ಸಾಕಾಯಿತು.

"ಓದಿದೋರು ನೀವು, ನೀವು ಹೇಳಿದ್ರಿ ಅಂತ ತಾನೆ..." ಎಂದವಳು, ಮಿಕ್ಕ ಮರಗಳನ್ನಾದರೂ ಉಳಿಸಲು ಫೋನು ಕಿವಿಗಿಟ್ಟುಕೊಂಡು ದಾಪುಗಾಲು ಹಾಕಿದಳು.

"ಗಿರಾಕಿ ಮುಂದೆ ಮಾನ ತೆಗೆದೆಯಲ್ಲ," ಎಂದ ಗಂಡ. "ಮನೇಲಿ ಹೇಳೋಕೆ ಬಾಯಿ ಇರಲಿಲ್ವಾ?"

"ಮನೇಲಿ ಹೇಳಿದ್ದೆ ರೀ. ನೀವು ರೇಡಿಯೋ ಜೋರು ಮಾಡಿದ್ರಿ."

"ಇಷ್ಟು ಸಾಲು ಏನು ಮಾಡ್ಲಿ ಈಗ? ಒಲೆಗೆ ಹಾಕ್ಲಾ?"

"ಬುಡ ಚೆನ್ನಾಗೇ ಇದೆ. ತಲೆ ಸವರಿ ಬೇರೆ ಮರದ ಚಿಗುರೊಡೆಯೋ ಕಣ್ಣು ತಂದು ಕಸಿ ಕೂರಿಸಬಹುದು."

"ಯಾವ ಮರದ್ದು? ನಮ್ಮ ಬೇರೆ ಜಾತಿ ತಾಯಿಮರಗಳನ್ನೆಲ್ಲ ತೆಗೆಸಿ ಅಂದೋಳು ನೀನೇ ಅಲ್ವಾ? ಎಲ್ಲಿಂದ ತರ್ಲಿ ಕಣ್ಣು, ನಿಮ್ಮಪ್ಪನ ಮನೆಯಿಂದಾ?"

ಅವನು ಕಸಿಚಾಕು ಮಡಚಿ ಕಿಸೆಗೆ ಹಾಕಿಕೊಂಡು ಸಾಲುಗಳ ನಡುವೆ ಬೆನ್ನು ಮಾಡಿ ಕುಳಿತ. ಅವಳು ಹೆಗಲು ಮುಟ್ಟಹೋಗಿ ಕೈ ಹಿಂದೆಗೆದಳು. ಈ ಹೊತ್ತಿನಲ್ಲಿ ಸಮಾಧಾನ ಹೇಳಿದರೆ ಅದೂ ಸುಳ್ಳೇ ಆಗುತ್ತಿತ್ತು.

ಒಳಗೆ ಹೋಗಿ ಕೈಚೀಲ ತೆಗೆದುಕೊಂಡಳು. "ಊಟಕ್ಕಾದ್ರೂ ಬರ್ತೀಯೇನೇ?" ಎಂದು ಅತ್ತೆ ಕೂಗಿದ್ದಕ್ಕೆ, "ನಿಮ್ಮ ಮಗನಿಗೆ ಬಡಿಸಿ ಅತ್ತೆ, ಇವತ್ತು ನನ್ನ ಕೈಯಿಂದ ತಿನ್ನಲ್ಲ," ಎಂದು ಚಪ್ಪಲಿ ಮೆಟ್ಟಿದಳು.

ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಆ ಹಳೆಯ ಕಾಗದದ ಲಕೋಟೆ ಒಡೆದಳು. ತೇದಿ ತಿದ್ದಿ, ಕೆಳಗೆ ಇನ್ನೆರಡು ಸಾಲು ಸೇರಿಸಿದಳು: ಈ ವಿಷಯ ತಿಳಿದೂ ನಾನು ಸುಮ್ಮನಿದ್ದುದರಿಂದ ಬೆಳೆಗಾರರೊಬ್ಬರ ಎರಡು ಹಳೆಯ ಮರಗಳು ಹೋದವು. ಉಳಿದವುಗಳಿಂದ ಕಸಿಕಡ್ಡಿ ತೆಗೆದಿಡಲು ಕೂಡಲೇ ಜನರನ್ನು ಕಳಿಸಿ.

ಕಿಟಕಿಯಾಚೆಯ ಗುಮಾಸ್ತ ಹೊಸ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟ. "ರಿಜಿಸ್ಟರ್ ಮಾಡ್ಲಾ, ಮಾಮೂಲಾ?"

"ರಿಜಿಸ್ಟರ್ ಮಾಡಿ."

"ಅರ್ಜೆಂಟಾ?"

"ಅರ್ಜೆಂಟೇ. ತಡ ಮಾಡಿದ್ದು ನಾನು."

ಗುಮಾಸ್ತ ತಲೆಯೆತ್ತಿ ನೋಡಿದ. ಮುದ್ರೆ ಒತ್ತಿ, ಹಿಂದೆ ಬಾಯಿ ತೆರೆದುಕೊಂಡಿದ್ದ ಚೀಲದೊಳಕ್ಕೆ ಲಕೋಟೆಯನ್ನು ಎಸೆದ.