ಸವೆಯದ ಅಟ್ಟೆ

ಬೂಟಿನ ಮೇಸ್ತ್ರಿಗೆ ಅಟ್ಟೆ ತೋರಿಸುವುದೂ ಒಂದೇ, ಪೊಲೀಸರಿಗೆ ತಪ್ಪೊಪ್ಪಿಗೆ ಬರೆದುಕೊಡುವುದೂ ಒಂದೇ. ಸವೆದ ಹಿಮ್ಮಡಿ ನೋಡಿ, ಆ ಮನುಷ್ಯ ಹೋದ ಮಂಗಳವಾರ ಯಾವ ತಿರುವಿನಲ್ಲಿ ಸೀನಿದ, ಸೀನುವಾಗ ಯಾರ ಮೇಲೆ ಸಿಟ್ಟಾಗಿದ್ದ ಎನ್ನುವವರೆಗೆ ಹೇಳಬಲ್ಲವನು ಅವನು. ಇದರಲ್ಲಿ ಅರ್ಧ ನಿಜ. ಉಳಿದರ್ಧವನ್ನು ಅಲ್ಲಗಳೆಯುವ ಗಂಡು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಅಂಥವನ ಬೆಂಚಿಗೆ ತಂಗಿಯ ಗಂಡನ ಕಪ್ಪು ಬೂಟು ಪಾಲಿಶ್‌ಗೆ ಬಂತು. ಬೂಟು ಮೇಸ್ತ್ರಿಯೇ ಹೊಲಿದು ಕೊಟ್ಟದ್ದು. ತಂಗಿಯ ಗಂಡ ಬಸ್ ಕಚೇರಿಯಲ್ಲಿ ವೇಳಾಪಟ್ಟಿಯ ಗುಮಾಸ್ತ. ಪ್ರತಿ ಭಾನುವಾರ ಒಂದು ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಇಳಿದು, ಹೊಲ ಗುಡ್ಡ ಹಾದು, ಇನ್ನೊಂದು ಬಸ್ಸಿನ ಕೊನೆಯ ನಿಲ್ದಾಣದವರೆಗೆ ಇಪ್ಪತ್ತು ಕಿಲೋಮೀಟರು ನಡೆದು, ಆ ಬಸ್ಸಿನಲ್ಲಿ ಮನೆಗೆ ಬರುತ್ತೇನೆಂದು ಮೂರು ವರ್ಷದಿಂದ ಹೇಳುತ್ತ ಬಂದಿದ್ದ. ಮೇಸ್ತ್ರಿ ಬೂಟು ಮಗುಚಿದ. ಮೂರು ವರ್ಷ ಗುಡ್ಡ ಹತ್ತಿದ ಅಟ್ಟೆ ಫಳಫಳ ಮಿಂಚಿ, ಅವನ ಮೀಸೆಯನ್ನು ಅವನಿಗೇ ತೋರಿಸಿತು.

ನಡೆಯದವನು ಇಡೀ ಭಾನುವಾರ ಎಲ್ಲಿರುತ್ತಾನೆ? ಮೇಸ್ತ್ರಿಯ ತಲೆಯಲ್ಲಿ ಕ್ಷಣಮಾತ್ರದಲ್ಲಿ ಇನ್ನೊಂದು ಮನೆ ಎದ್ದಿತು. ಅದಕ್ಕೆ ಹಸಿರು ಬಾಗಿಲು ಬಂತು, ಬಾಗಿಲಿಗೆ ಒಬ್ಬ ಹೆಂಗಸೂ ಬಂದು ಒರಗಿದಳು. ತಂಗಿಯನ್ನು ಕೇಳಿದರೆ, ಅವಳು ನಕ್ಕು ಒಳಗೆ ಹೋದಳಂತೆ. ಪಾಪ, ಅವಳಿಗೇನು ಗೊತ್ತು. ಮುಂದಿನ ಭಾನುವಾರ ಕಳ್ಳನನ್ನು ಹಿಡಿಯುವುದು, ಅಂದೇ ಸಂಜೆ ತಂಗಿಯನ್ನು ಪೆಟ್ಟಿಗೆ ಸಮೇತ ತನ್ನ ಮನೆಗೆ ಕರೆತರುವುದು ಎಂದು ಮೇಸ್ತ್ರಿ ತೀರ್ಮಾನಿಸಿಬಿಟ್ಟ.

ಭಾನುವಾರ ಬಸ್ಸಿನ ಹಿಂದಿನ ಸೀಟಿನಲ್ಲಿ ಮುಖಕ್ಕೆ ಪತ್ರಿಕೆ ಹಿಡಿದು ಕೂತ. ಒಂದೇ ಪುಟವನ್ನು ಒಂದೂವರೆ ಗಂಟೆ ಓದಿದ್ದಕ್ಕೆ ಕಂಡಕ್ಟರನಿಗೇ ಇವನ ಮೇಲೆ ಅನುಮಾನ ಬಂತು. ಕೊನೆಯ ನಿಲ್ದಾಣದಲ್ಲಿ ಗುಮಾಸ್ತ ಇಳಿದು, ಹೆಗಲ ಚೀಲದೊಂದಿಗೆ ತಂಗುದಾಣದ ಹಿಂದೆ ಹೋದ. ಟಿಕೆಟ್ ತೋರಿಸಿ ಮೇಸ್ತ್ರಿ ಇಳಿಯುವಷ್ಟರಲ್ಲಿ ಅವನಾಗಲೇ ದೂರದ ಬೇಲಿಯ ಪಕ್ಕ ಒಂದು ಬೆನ್ನಾಗಿದ್ದ.

ಆಮೇಲೆ ನಡೆದದ್ದು ನಡಿಗೆಯಲ್ಲ, ದಂಡಯಾತ್ರೆ. ಮೊದಲ ತೋಟದ ಮನೆಯಲ್ಲಿ ಮುದುಕಿಯೊಬ್ಬಳು ಗುಮಾಸ್ತನಿಗೆ ನೀರು ಕೊಟ್ಟಳು. ಎಂಬತ್ತರ ಮುದುಕಿ, ಆದರೂ ಮೇಸ್ತ್ರಿ ಅವಳನ್ನು ಅನುಮಾನದಿಂದ ಹೊರಗಿಡಲಿಲ್ಲ. ಸೇತುವೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದವಳು ಕೈ ಬೀಸಿದಳು. ಓಹೋ. ಗುಮಾಸ್ತ ಟೋಪಿ ಎತ್ತಿ ಮುಂದೆ ಹೋದ. ಹೀಗೆ ಹನ್ನೊಂದು ಮನೆ ದಾಟಿದರೂ ಅವನು ಒಂದು ಬಾಗಿಲನ್ನೂ ತಟ್ಟಲಿಲ್ಲ. ಹನ್ನೆರಡನೆಯದಕ್ಕೆ ಹಸಿರು ಬಾಗಿಲಿತ್ತು. ಮೇಸ್ತ್ರಿ ತೋಳೇರಿಸಿ ಬೇಲಿಯ ಹಿಂದೆ ಕುಕ್ಕರಿಸಿದ. ಗುಮಾಸ್ತ ಅಲ್ಲಿ ನಿಂತು, ಕೈಗಡಿಯಾರ ನೋಡಿ, ಮುಂದೆ ನಡೆದ.

ಅಷ್ಟರಲ್ಲಿ ಮೇಸ್ತ್ರಿಯ ಎರಡೂ ಹಿಮ್ಮಡಿಯಲ್ಲಿ ಕೋಳಿಮೊಟ್ಟೆ ಗಾತ್ರದ ಬೊಬ್ಬೆ ಎದ್ದಿದ್ದವು. ತನ್ನ ಕೈಯಾರೆ ಹೊಲಿದ ಬೂಟು ತನ್ನನ್ನೇ ಕಚ್ಚುತ್ತದೆ ಎಂದರೆ ಯಾರು ನಂಬುತ್ತಾರೆ? ಅವನೂ ನಂಬಲಿಲ್ಲ, ದಾರಿಯನ್ನು ಬೈದ.

ಇಳಿಹೊತ್ತಿಗೆ ಇನ್ನೊಂದು ತುದಿಯ ನಿಲ್ದಾಣ ಬಂತು. ಗುಮಾಸ್ತ ಕಲ್ಲುಬೆಂಚಿನ ಮೇಲೆ ಕೂತು, ಧೂಳು ಕುಡಿದ ಕಂದು ಬೂಟು ಬಿಚ್ಚಿ, ಚೀಲದಿಂದ ಮಿಂಚುವ ಕಪ್ಪು ಬೂಟು ತೆಗೆದ. ತಿರುಗಿಯೂ ನೋಡದೆ ಹೇಳಿದ:

"ಬನ್ನಿ ಭಾವ, ಕೂತ್ಕೊಳ್ಳಿ. ಆರನೇ ಕಿಲೋಮೀಟರಿಂದ ನಿಮ್ಮ ಬೂಟಿನ ಕಿರಕಿರ ಸದ್ದು ಕೇಳಿಸ್ತಾನೇ ಇದೆ."

ಮೇಸ್ತ್ರಿ ಕುಂಟುತ್ತ ಬಂದ. ಇನ್ನೊಂದು ಮನೆಯ ವಿಷಯ ಅವನ ಮನಸ್ಸಿನಿಂದ ಹಾರಿಹೋಗಿತ್ತು. ಇದು ಅದಕ್ಕಿಂತ ದೊಡ್ಡ ದ್ರೋಹ.

"ಇನ್ನೊಬ್ಬ ಹೊಲಿದ ಬೂಟಾ, ಗುಮಾಸ್ತರೇ?"

"ನಿಮ್ದು ಕಚ್ಚುತ್ತೆ ಭಾವ."

"ನನಗೆ ಹೇಳ್ಬಾರ್ದಿತ್ತಾ?"

"ಹೇಳಿದ್ದೆ. ನಿಮ್ಮ ಕಾಲನ್ನೇ ಸರಿ ಮಾಡಿಸ್ಕೊಳ್ಳಿ ಅಂದ್ರಿ."

ಅಂದದ್ದು ನಿಜ. ಮೇಸ್ತ್ರಿ ಗಿರಾಕಿಯ ಕಾಲನ್ನು ಒಮ್ಮೆ ಅಳೆದು ಮರದ ಅಚ್ಚು ಕೆತ್ತಿದರೆ ಮುಗಿಯಿತು, ಸಾಯುವತನಕ ಅದೇ ಅಚ್ಚು. ಗುಮಾಸ್ತನ ಅಚ್ಚು ಮದುವೆಯ ವರ್ಷದ್ದು. ಮೇಸ್ತ್ರಿಯ ಸ್ವಂತ ಕಾಲಿನದು ಇನ್ನೂ ಹಳೆಯದು.

ಯಾವ ಬೀದಿಯ ಯಾವ ದ್ರೋಹಿಯ ಕೆಲಸವೆಂದು ನೋಡಲು ಅವನು ಕಂದು ಬೂಟು ಕಿತ್ತುಕೊಂಡ. ತಪ್ಪು ಹುಡುಕಿದ. ಹಿಮ್ಮಡಿ ಒತ್ತಿದ, ಮೂಗಿಗೆ ಹಿಡಿದ, ಹೊಲಿಗೆಯ ಮೇಲೆ ಉಗುರು ಎಳೆದ. ಉಗುರು ಅಲ್ಲೇ ನಿಂತಿತು. ಹೊಲಿಗೆಯೆಲ್ಲ ಎಡಕ್ಕೆ ವಾಲಿತ್ತು. ಹಾಗೆ ಹೊಲಿಯುವ ಕೈಯನ್ನು ಅವನು ಜನ್ಮದಲ್ಲಿ ಒಂದೇ ಒಂದು ಕಂಡಿದ್ದ. ಎಡಗೈಯವಳ ಕೆಲಸ ಗಿರಾಕಿಗೆ ಕೊಡಬಾರದೆಂದು, ಹದಿನಾರರ ತಂಗಿಯನ್ನು ಅಂಗಡಿಯ ಬೆಂಚಿನಿಂದ ಎಬ್ಬಿಸಿ ಮನೆಗೆ ಕಳಿಸಿದವನು ಅವನೇ.

ಬಸ್ಸು ಬಂತು. ಮೇಸ್ತ್ರಿ ಕಂದು ಬೂಟನ್ನು ಗುಮಾಸ್ತನ ಕಾಲ ಬಳಿ ಇಟ್ಟು, ಕಪ್ಪು ಬೂಟನ್ನು ತಾನೇ ಕಂಕುಳಲ್ಲಿ ಹಿಡಿದುಕೊಂಡ.

"ಮನೆಗೂ ಅದನ್ನೇ ಹಾಕ್ಕೊಂಡು ಬನ್ನಿ."

ಅರ್ಧ ದಾರಿಯವರೆಗೆ ಅವನು ತಾನೇ ಹೊಲಿದ ಕಪ್ಪು ಬೂಟಿನಲ್ಲಿ ತಪ್ಪು ಹುಡುಕುತ್ತ ಕೂತ. ಅವನ ಬೀದಿಯಲ್ಲಾದರೆ ವೈದ್ಯರನ್ನು ಕರೆಸುತ್ತಿದ್ದರು. ಕಡೆಗೆ ಕಿಟಕಿಯ ಕಡೆ ತಿರುಗಿಕೊಂಡೇ ಕೇಳಿದ:

"ನನ್ನ ಕಾಲಿನ ಅಳತೆ... ತಗೋತಾಳಾ ಅವಳು?"

"ಅದನ್ನ ನೀವೇ ಕೇಳ್ಬೇಕು ಭಾವ," ಎಂದ ಗುಮಾಸ್ತ.