ಮುಂದೆ ನಡೆಯುವವನು

ಸಂಶೋಧನಾಲಯದ ಕುರಿಮನೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಆತನನ್ನು ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು. ಸೊಸೆಯಿಲ್ಲದ ಮಾವ ಎಂದು ಹೆಂಡತಿ ನಗುತ್ತಿದ್ದಳು. ಅವರಿಗಿದ್ದವಳು ಮಗಳೊಬ್ಬಳೇ, ಅವಳಿಗೆ ಆರು ವರ್ಷದ ಒಂದು ಹೆಣ್ಣುಮಗು. ಹಿಕ್ಕೆ ಗುಡಿಸುವುದು, ಹುಲ್ಲು ಹಾಕುವುದು, ಆಪರೇಷನ್ ಆದ ಕುರಿಯ ಮಂಡಿ ಊದಿದೆಯೇ ಎಂದು ನೋಡಿ ಬರೆದಿಡುವುದು ಮಾವನ ಕೆಲಸ. ಮಂಡಿಯ ಹೊಸ ಶಸ್ತ್ರಚಿಕಿತ್ಸೆಯೊಂದನ್ನು ಮನುಷ್ಯರಿಗೆ ಮಾಡುವ ಮೊದಲು ಅಲ್ಲಿ ಕುರಿಗಳಿಗೆ ಮಾಡಿ ನೋಡುತ್ತಿದ್ದರು. ಹನ್ನೆರಡು ವಾರದ ನಂತರ ಒಳಗೆ ಹೇಗೆ ಕೂಡಿಕೊಂಡಿದೆ ಎಂದು ಬಿಚ್ಚಿ ನೋಡಬೇಕು. ಅದಕ್ಕೆ ಮೊದಲು ಕುರಿಗೆ ಕೊನೆಯ ಇಂಜೆಕ್ಷನ್. ಇದೆಲ್ಲ ಮಾವನಿಗೆ ಗೊತ್ತಿತ್ತು. ಆದರೆ ಆ ಇಂಜೆಕ್ಷನ್ ಕೊಡುವ ಕೋಣೆ ಕಾರಿಡಾರಿನ ಇನ್ನೊಂದು ತುದಿಯಲ್ಲಿತ್ತು, ಎಳೆದುಕೊಂಡು ಹೋಗುವವರು ಬೇರೆ ಇದ್ದರು. ಗೊತ್ತಿದ್ದೂ ಗೊತ್ತಿಲ್ಲದವನಂತೆ ಇದ್ದುಬಿಟ್ಟಿದ್ದ.

ಆಮೇಲೆ ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡುವ ಮೇಡಂ ಬಂದರು. ಎರಡು ತಿಂಗಳು ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕುಳಿತು, ಯಾರು ಬಂದರೆ ಕುರಿ ಕಿವಿ ಹೇಗಿಡುತ್ತದೆ, ಎಷ್ಟು ಹಿಂದೆ ಸರಿಯುತ್ತದೆ ಎಂದು ಬರೆದುಕೊಂಡರು. ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಬೇರೆಯವರು ಎಳೆದೊಯ್ದ ಕುರಿಯ ರಕ್ತದಲ್ಲಿ ಹೆದರಿಕೆಯ ಗುರುತು ತುಂಬಿರುತ್ತಿತ್ತು. ತಪಾಸಣೆಗೆ ಮಾವನ ಜೊತೆ ಬಂದದ್ದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

"ಅವು ನಿಮ್ಮನ್ನ ತುಂಬಾ ನಂಬ್ತವೆ ಮಾವ," ಎಂದರು ಮೇಡಂ. "ಇನ್ಮೇಲೆ ಎಲ್ಲದಕ್ಕೂ ನೀವೇ ಕರ್ಕೊಂಡು ಬನ್ನಿ."

"ಎಲ್ಲದಕ್ಕೂ ಅಂದ್ರೆ?"

ಮೇಡಂ ಕೆಟ್ಟವರಲ್ಲ. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದು, "ಎಲ್ಲದಕ್ಕೂ," ಎಂದರು.

ಮೊದಲ ದಿನ ಹಗ್ಗವೇ ಬೇಕಾಗಲಿಲ್ಲ. "ಬಾ ಮಗಳೇ," ಎಂದು ಮಾವ ಮುಂದೆ ನಡೆದ. ಕುರಿ ಅವನ ಅಂಗೈ ಮೂಸುತ್ತ ಹಿಂದೆಯೇ ಬಂತು. ಸ್ಟೀಲ್ ಮೇಜಿನ ಮೇಲೆ ಅವನ ಮೊಣಕೈಗೆ ತಲೆ ಒರಗಿಸಿ ಮಲಗಿತು. ಕುರಿ ಕಟುಕನನ್ನೇ ನಂಬುತ್ತದೆ ಎಂಬ ಗಾದೆಯನ್ನು ಅವನೂ ನೂರು ಸಲ ಆಡಿದವನೇ. ಕಟುಕನಿಗೆ ಹೇಗಿರುತ್ತದೆ ಎಂದು ಗಾದೆ ಹೇಳುವುದಿಲ್ಲ.

ಆರನೆಯ ಕುರಿಯಾದ ವಾರ, ಮೊಮ್ಮಗಳನ್ನು ಶಾಲೆಗೆ ಕರೆದೊಯ್ಯುವಾಗ, ರಸ್ತೆ ದಾಟುವಲ್ಲಿ ಮಗು ಎಂದಿನಂತೆ ಅವನ ಬೆರಳು ಹಿಡಿಯಿತು. ಮಾವ ಸರಕ್ಕನೆ ಕೈ ಎಳೆದುಕೊಂಡ. ಮಗು ಆಟವೆಂದುಕೊಂಡು ನಕ್ಕು ಮತ್ತೆ ಹಿಡಿಯಿತು. ಮರುದಿನ ಕಾಲು ನೋವೆಂದು ಮಗಳಿಗೆ ಸುಳ್ಳು ಹೇಳಿ, ಮಗುವನ್ನು ಶಾಲೆಗೆ ಕರೆದೊಯ್ಯುವುದನ್ನು ನಿಲ್ಲಿಸಿದ. ಹೆಂಡತಿ ನಂಬಲಿಲ್ಲ.

"ನಿಮ್ಮ ಕಾಲಿಗೆ ಏನೂ ಆಗಿಲ್ಲ. ಮಗು ಮುಟ್ಟಿದ್ರೆ ಬೆಂಕಿ ತಗುಲಿದ ಹಾಗೆ ಆಡ್ತೀರಿ. ಏನಾಗಿದೆ ಹೇಳಿ."

ಹೇಳಿದ. ಅವಳು ಬಹಳ ಹೊತ್ತು ಅವನ ಕೈಗಳನ್ನೇ ನೋಡಿದಳು, ಹಿಡಿದುಕೊಳ್ಳಲಿಲ್ಲ. ಆಮೇಲೆ, ಯಾರಾದರೂ ಆಪ್ತಸಮಾಲೋಚಕರ ಹತ್ತಿರ ಹೋಗಿ ಬನ್ನಿ ಎಂದಳು.

ಸಂಸ್ಥೆಯ ಮೂರು ಕಟ್ಟಡಕ್ಕೆ ಇದ್ದದ್ದು ಒಬ್ಬರೇ ಸಮಾಲೋಚಕರು. ಕಿಟಕಿಯಾಚೆಯ ಹೆಂಗಸು ಹೆಸರು ಬರೆದುಕೊಂಡು, ನಾಲ್ಕು ತಿಂಗಳಾಗುತ್ತದೆ ಎಂದಳು. ಹೀಗೆ ಜನ ಎಷ್ಟು ದಿನ ಕಾಯಬೇಕಾಗುತ್ತದೆ ಎಂಬುದರ ಮೇಲೂ ಒಂದು ಅಧ್ಯಯನ ನಡೆಯುತ್ತಿದೆಯಂತೆ, ಸೇರಿಕೊಳ್ಳುತ್ತೀರಾ ಎಂದು ಒಂದು ಹಾಳೆ ನೀಡಿದಳು. ಮಾವನಿಗೆ ನಗು ಬಂತು. ಸಹಿ ಹಾಕಿದ.

ಕೊನೆಗೆ ಶಸ್ತ್ರಚಿಕಿತ್ಸೆಯ ದೊಡ್ಡ ಡಾಕ್ಟರ ಬಳಿ ಹೋಗಿ, ಈ ಕೆಲಸದಿಂದ ಬಿಡಿಸಿ ಎಂದು ಕೇಳಿಕೊಂಡ. ಅವರು ಕೂರಿಸಿ ಮಾತಾಡಿದರು. ಮೆಟ್ಟಿಲು ಹತ್ತಲಾಗದ ಸಾವಿರಾರು ಜನ ಇದರಿಂದ ನಡೆಯುತ್ತಾರೆ ಎಂದರು. ಅದು ನಿಜವಾಗಿತ್ತು.

"ನೀವು ಇಲ್ದೆ ಇದ್ರೂ ಅವು ಹೋಗೋದು ಹೋಗೇ ಹೋಗ್ತವೆ," ಎಂದರು ಡಾಕ್ಟರು. "ಹೆದರ್ಕೊಂಡು ಹೋಗ್ತವೆ, ಅಷ್ಟೆ."

ಆ ಸಲ ತಂದಿದ್ದ ಕುರಿಗಳಲ್ಲಿ ಉಳಿದಿದ್ದುದು ಒಂದೇ. ಕಿವಿ ಸೊಟ್ಟಗಿದ್ದುದರಿಂದ ಮಾವ ಅದನ್ನು ಸೊಟ್ಟಿ ಎನ್ನುತ್ತಿದ್ದ. ಇದು ತನ್ನನ್ನು ನಂಬದ ಹಾಗೆ ಮಾಡಬೇಕೆಂದು ಹಟ ಹಿಡಿದ. ಮಾತಾಡಿಸುವುದು ಬಿಟ್ಟ. ಬಕೆಟ್ಟನ್ನು ನೆಲಕ್ಕೆ ಕುಕ್ಕಿದ. ಒಂದು ದಿನ ಪೊರಕೆಯ ಹಿಡಿಯಿಂದ ಬೆನ್ನಿಗೆ ಹೊಡೆದೂ ಬಿಟ್ಟ. ಸೊಟ್ಟಿ ಎಗರಿ ಗೋಡೆಗೆ ಒತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಕುಂಟುತ್ತ ಬಂದು, ಕುಳಿತಿದ್ದ ಅವನ ತೊಡೆಯ ಮೇಲೆ ಗದ್ದ ಇಟ್ಟಿತು. ಹನ್ನೊಂದು ದಿನ ಹೀಗೇ ನಡೆಯಿತು. ಹನ್ನೆರಡನೆಯ ದಿನ ಅದರ ಸರದಿ. ಮಾವ ಜ್ವರವೆಂದು ಹೇಳಿಕಳಿಸಿ ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಮರುದಿನ ಕಾರಿಡಾರ್ ಒರೆಸುವ ಹೆಂಗಸು ಅವನನ್ನು ಬಾಗಿಲಲ್ಲೇ ನಿಲ್ಲಿಸಿದಳು. ಕುರಿ ಏಳಲೇ ಇಲ್ಲವಂತೆ. ನಾಲ್ಕು ಜನ ಎಳೆದರಂತೆ. ವಾಸಿಯಾಗುತ್ತಿದ್ದ ಕಾಲು ಉಳುಕಿತಂತೆ.

"ಬಾಗಿಲು ಸದ್ದಾದಾಗೆಲ್ಲ ತಿರುಗಿ ನೋಡ್ತಿತ್ತು ಮಾವ," ಎಂದಳು. "ನೀವು ಬಂದ್ರಿ ಅಂತ."

ಮಾವ ಒಳಗೆ ಹೋಗಿ ಹಿಕ್ಕೆ ಗುಡಿಸಿದ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದ.

ಗುರುವಾರ ಲಾರಿಯಲ್ಲಿ ಹೊಸದಾಗಿ ಇಪ್ಪತ್ತು ಕುರಿ ಬಂದವು. ಮೇಡಂ ಪುಸ್ತಕ ಹಿಡಿದು ನಿಂತಿದ್ದರು. ಆ ನಾಲ್ಕು ಜನವೂ ನಿಂತಿದ್ದರು. ಹಲಗೆ ಇಳಿಸಿದರೂ ಒಂದೂ ಇಳಿಯಲಿಲ್ಲ, ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ನಡುಗುತ್ತಿದ್ದವು. ನಾಲ್ವರಲ್ಲಿ ಒಬ್ಬ ಹಗ್ಗ ಬಿಚ್ಚತೊಡಗಿದ. ಮಾವ ಕೈಯೆತ್ತಿ ಅವನನ್ನು ತಡೆದು ಹಲಗೆಯ ಬುಡಕ್ಕೆ ಬಂದ.

"ಬನ್ನಿ ಮಕ್ಕಳೇ," ಎಂದ. ದನಿ ಎಂದಿನಷ್ಟೇ ಮೆತ್ತಗಿತ್ತು. ಮುಂದಿದ್ದ ಕುರಿ ಕಿವಿ ನಿಮಿರಿಸಿ, ಹಲಗೆಯ ಮೇಲೆ ಒಂದು ಕಾಲಿಟ್ಟಿತು.