ಕಂಬಳಿಗೆ ಒಪ್ಪುವ ವ್ಯಾನು

ಬೆಳಿಗ್ಗೆ ಒಗೆದ ಬಟ್ಟೆಗಳನ್ನು ಹಗ್ಗದ ಮೇಲೆ ಹರವುತ್ತಿದ್ದೆ. ಬಾಯಲ್ಲಿ ಮೂರು ಕ್ಲಿಪ್ಪು, ಹೆಗಲ ಮೇಲೆ ಒದ್ದೆ ಹೊದಿಕೆ. ಅಕ್ಕ ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿ, ಎಂಜಿನ್ ಆರಿಸದೆಯೇ ಕೂಗಿದಳು.

"ಬಟ್ಟೆ ಎಲ್ಲೂ ಓಡಿಹೋಗಲ್ಲ, ಬಿಡು. ವ್ಯಾನೊಂದು ಬಂದಿದೆ. ಹೊರಡು."

ಬಾಯಲ್ಲಿ ಕ್ಲಿಪ್ಪು ಇದ್ದುದರಿಂದ ಯಾರದು ಎಂದು ಹುಬ್ಬಿನಲ್ಲೇ ಕೇಳಿದೆ.

"ಕನ್ನಡಕದವರದು. ಮಧ್ಯಾಹ್ನ ಇನ್ಯಾರೋ ನೋಡೋಕೆ ಬರ್ತಾರಂತೆ. ಅಷ್ಟರೊಳಗೆ ನಾವು ಹೂಂ ಅನ್ನಬೇಕು, ಇಲ್ಲ ಉಹೂಂ ಅನ್ನಬೇಕು. ನಾಯೀನ ಮರೀಬೇಡ. ನೀನು ಬರದಿದ್ರೂ ನಡಿಯುತ್ತೆ, ಅದು ಬರಲೇಬೇಕು."

ಅಷ್ಟು ಹೇಳಿ ಹೊರಟೇಹೋದಳು. ಅಕ್ಕ ಗಾಡಿ ರಿಪೇರಿ ಮಾಡುವವಳು. ಮಾತನ್ನೂ ಬಿಡಿಭಾಗದ ಹಾಗೆ ಎಣಿಸಿ ಕೊಡುತ್ತಾಳೆ. ಅವಳ ಶೆಡ್ಡು ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ನಡೆದೇ ಹೋಗಬೇಕು, ಏಕೆಂದರೆ ನಮ್ಮ ಕಂಬಳಿ ಯಾವ ವಾಹನವನ್ನೂ ಹತ್ತುವುದಿಲ್ಲ. ವ್ಯಾನು ಬೇಕಾಗಿದ್ದುದೂ ಅದೇ ಕಾರಣಕ್ಕೆ.

ಕಂಬಳಿ ನಮ್ಮ ನಾಯಿ. ಬೂದಿ ಬಣ್ಣ, ಮೈತುಂಬ ಜೂಲು. ಮಲಗಿದರೆ ಯಾರೋ ಹೊದ್ದು ಬಿಟ್ಟುಹೋದ ಕಂಬಳಿಯ ಹಾಗೇ ಕಾಣುತ್ತಾನೆ. ಈಗ ವಯಸ್ಸಾಗಿದೆ, ಹಿಂಗಾಲಿನ ಕೀಲುಗಳು ಸೋತಿವೆ. ಎರಡು ವರ್ಷದ ಕೆಳಗೆ ಒಂದು ಕಾರು ಬಾಡಿಗೆಗೆ ತಂದು ಅವನನ್ನು ಹತ್ತಿಸಿಕೊಂಡು ಹೊರಟಿದ್ದೆವು. ಎರಡನೆಯ ತಿರುವು ದಾಟುವಷ್ಟರಲ್ಲಿ ಬಾಯಲ್ಲಿ ನೊರೆ, ಊಳು, ಬಾಗಿಲನ್ನು ಕೆರೆದು ಕೆರೆದು ಉಗುರಿನಲ್ಲಿ ರಕ್ತ. ವಾಪಸು ಬಂದೆವು. ಇನ್ನೊಮ್ಮೆ ನಾಯಿಗಳನ್ನು ನೋಡಿಕೊಳ್ಳುವ ಜಾಗದಲ್ಲಿ ಬಿಟ್ಟು ಹೋದೆವು. ನಾಲ್ಕು ದಿನ ಅನ್ನ ಮುಟ್ಟಲಿಲ್ಲವಂತೆ. ಕರೆತರಲು ಹೋದಾಗ ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿದ್ದವನು ತಿರುಗಿ ನೋಡಲಿಲ್ಲ. ಅಂದಿನಿಂದ ನಾವು ಯಾರೂ ಎಲ್ಲಿಗೂ ಹೋಗಿಲ್ಲ. ಕಾಲು ಚಾಚಿ ಮಲಗುವಷ್ಟು ಜಾಗ, ಗಾಳಿ ಇರುವ ವ್ಯಾನಾದರೆ ಹೆದರಲಾರ ಎಂಬುದೊಂದೇ ನಂಬಿಕೆ. ಬೆಕ್ಕು ದೊರೆಸಾನಿಯದು ತಕರಾರಿಲ್ಲ. ಸೇವೆಗೆ ಜನ ಇದ್ದರೆ ಅವಳಿಗೆ ಎಲ್ಲ ಊರೂ ಒಂದೇ.

ನಮ್ಮ ಆಸೆ ದೊಡ್ಡದೇನಲ್ಲ. ಎಲ್ಲಾದರೂ ಕೆರೆಯ ಪಕ್ಕ ಗಾಡಿ ನಿಲ್ಲಿಸಿ, ಚಿಕ್ಕ ಒಲೆಯಲ್ಲಿ ಅನ್ನ ಮಾಡಿ ಉಂಡು, ಗಾಡಿಯೊಳಗೇ ಮಲಗಿ, ಎರಡು ದಿನಕ್ಕೆ ಮನೆ ಸೇರಬೇಕು. ಜೊತೆಗೆ ಐದೂ ಜನ ಇರಬೇಕು. ನಮ್ಮ ಮನೆಯ ಲೆಕ್ಕದಲ್ಲಿ ನಾಯಿ ಬೆಕ್ಕು ಎರಡೂ ಜನವೇ.

ಮಗಳು ಆಗಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದಳು, ಕೈಯಲ್ಲಿ ದಾರ. ಸಿಕ್ಕಿದ್ದನ್ನೆಲ್ಲ ಜೇಬಿಗೆ ತುಂಬಿಕೊಳ್ಳುವುದರಿಂದ ಅವಳನ್ನು ಎಲ್ಲರೂ ಅಳಿಲು ಎನ್ನುತ್ತೇವೆ. ವಯಸ್ಸು ಎಂಟು. ಕಂಬಳಿ ಕಾಲು ಚಾಚಿ ಮಲಗಿದ್ದಾಗ ಮೂಗಿನಿಂದ ಬಾಲದವರೆಗೆ ಅಳೆದು ಆ ದಾರಕ್ಕೆ ಒಂದು ಗಂಟು ಹಾಕಿದ್ದಾಳೆ. ದೊರೆಸಾನಿಯ ಬುಟ್ಟಿಗೆ ಇನ್ನೊಂದು ಗಂಟು. ಮೂರನೆಯದು ಅವಳ ಅಪ್ಪನಿಗೆ. "ಅಪ್ಪ ಮಡಚ್ಕೊಂಡಾದ್ರೂ ಮಲಗ್ತಾರೆ, ಕಂಬಳಿಗೆ ಆಗಲ್ಲ," ಎಂದು ಮೊದಲೇ ತೀರ್ಮಾನ ಕೊಟ್ಟಿದ್ದಾಳೆ.

ಮನೆಯಲ್ಲಿ ಅವಳ ಬಾಯಿ ಅರಳು ಹುರಿದಂತೆ. ಗೇಟು ದಾಟಿದರೆ ಬೀಗ. ಶಾಲೆಗೆ ಸೇರಿ ಎರಡು ವರ್ಷವಾದರೂ ಅವಳ ಟೀಚರ್ ಅವಳ ದನಿ ಕೇಳಿಲ್ಲ. ಅಂಗಡಿಯವರು, ಪಕ್ಕದ ಮನೆಯವರು, ಯಾರೇ ಮಾತಾಡಿಸಲಿ, ನನ್ನ ತೋಳು ಎಳೆದು ಕಿವಿಯಲ್ಲಿ ಹೇಳುತ್ತಾಳೆ. ನಾನು ಆ ಮಾತನ್ನು ದಾಟಿಸುತ್ತೇನೆ. ಡಾಕ್ಟರು ಎರಡು ಮಾತು ಹೇಳಿದ್ದರು. ಒತ್ತಾಯ ಮಾಡದೆ ಕಾಯಿರಿ ಎಂಬುದು ಒಂದು. ಅವಳ ಬದಲು ನೀವು ಮಾತಾಡುವುದನ್ನು ಕಡಿಮೆ ಮಾಡಿ ಎಂಬುದು ಇನ್ನೊಂದು. ಕಾಯುವುದು ನನಗೆ ಬರುತ್ತದೆ. ಎರಡನೆಯದು ಬಂದಿರಲಿಲ್ಲ.

ಇದಕ್ಕೆ ಮೊದಲು ಎರಡು ವ್ಯಾನು ನೋಡಿದ್ದೆವು. ಮೊದಲನೆಯದು ಮದುಮಗಳ ಹಾಗಿತ್ತು. ಮಡಚುವ ಮೇಜು, ಪುಟ್ಟ ಫ್ರಿಜ್ಜು, ಹೂವಿನ ಪರದೆ. ಬೆಲೆಯೂ ಅದಕ್ಕೆ ತಕ್ಕಂತೆ. ಅಕ್ಕ ಪರದೆಯ ಕಡೆ ನೋಡಲೇ ಇಲ್ಲ. "ಮೊದಲು ಗಾಳಿ, ನೆರಳು, ಮೆಟ್ಟಿಲಿನ ಎತ್ತರ. ಉಳಿದದ್ದನ್ನ ನಾವೇ ಹೊಲ್ಕೋಬಹುದು," ಎಂದಳು. ಮೆಟ್ಟಿಲು ನನ್ನ ಮೊಣಕಾಲಿಗೆ ಬರುತ್ತಿತ್ತು. ಮಾರುವವನು, "ಅದಕ್ಕೇನು, ನಾಯೀನ ಎತ್ತಿ ಒಳಗೆ ಹಾಕಿ," ಎಂದ.

"ಒಂದ್ಸಲ ನೀವೇ ಎತ್ತಿ ತೋರಿಸಿ," ಎಂದಳು ಅಕ್ಕ.

ಆತ ಕಂಬಳಿಯ ಹೊಟ್ಟೆಯ ಕೆಳಗೆ ಕೈ ಹಾಕಿದ, ಸ್ವಲ್ಪ ಹೊತ್ತು ಹಾಗೇ ಬಗ್ಗಿದ್ದ, ಆಮೇಲೆ ನೆಟ್ಟಗಾಗಿ ಬೆಲೆಯ ಮಾತು ಶುರುಮಾಡಿದ.

ಎರಡನೆಯದು ನಮ್ಮ ಕೈಗೆ ಎಟುಕುವಂಥದ್ದು, ಮೆಟ್ಟಿಲೂ ತಗ್ಗು. ಆದರೆ ಒಳಗೆ ಕಾಲಿಟ್ಟರೆ ಮೂಗಿಗೆ ಅಡರುವಷ್ಟು ಸೆಂಟು. ಅಳಿಲು ನನ್ನ ಕಿವಿಯಲ್ಲಿ, "ಏನು ಮುಚ್ಚಿಡೋಕೆ ಇಷ್ಟು ಸೆಂಟು ಹೊಡೆದಿದ್ದೀರಿ ಅಂತ ಕೇಳು," ಎಂದಳು. ಹಾಗೆ ಕೇಳುವುದಕ್ಕೆ ನನಗೆ ನಾಲಗೆ ಬರಲಿಲ್ಲ. "ಒಳಗೆ ಗಾಳಿ ಚೆನ್ನಾಗಿ ಆಡುತ್ತಾ?" ಎಂದೆ. ಆಡುತ್ತೆ, ಕಿಟಕಿ ದೊಡ್ಡದಿದೆ, ಎಂದರು ಅವರು. ಮುಂಗಡ ಕೊಡುವ ಹೊತ್ತಿಗೆ ಅಕ್ಕ ನೆಲದ ಚಾಪೆ ಎತ್ತಿದಳು. ಅಡಿಯ ಹಲಗೆ ನೀರು ಕುಡಿದು ಕೊಳೆತಿತ್ತು.

ಮನೆಗೆ ಬರುವ ದಾರಿಯಲ್ಲಿ ಅಳಿಲು, "ಅಮ್ಮ, ನಾನು ಕೇಳು ಅಂದಿದ್ದು ಅದಲ್ಲ," ಎಂದಳು.

"ಎರಡೂ ಒಂದೇ ಅಲ್ವೇನೇ?"

"ಅಲ್ಲ. ನೀನು ನನ್ನ ಪ್ರಶ್ನೆಗೆ ಸಕ್ಕರೆ ಬೆರೆಸಿ ಕೊಡ್ತೀಯ. ಅವರು ಸಕ್ಕರೆ ತಿಂದು ಸುಮ್ಮನಾಗ್ತಾರೆ."

ಅಷ್ಟು ದಿನ ಅವಳ ಬಾಯಿ ನಾನೇ ಎಂದುಕೊಂಡಿದ್ದೆ.

ಇಷ್ಟಾದ ಮೇಲೆ ಬಂದದ್ದು ಈ ಮೂರನೆಯದು. ನಾವು ತಲುಪಿದಾಗ ವ್ಯಾನು ಶೆಡ್ಡಿನ ಮುಂದೆ ಬಿಸಿಲಿಗೆ ನಿಂತಿತ್ತು. ಮಾಸಿದ ಹಸಿರು ಬಣ್ಣ, ಕನ್ನಡಿಯಂಥ ಗಾಜು. ಪಕ್ಕದಲ್ಲಿ ಕನ್ನಡಕದವರು. ಉದ್ದನೆಯ ಸಣಕಲು ಆಳು, ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಬೆರಳುದ್ದದ ಸ್ಕ್ರೂಡ್ರೈವರ್. ಇಪ್ಪತ್ತು ವರ್ಷ ಈ ಗಾಡಿಯಲ್ಲಿ ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಕಣ್ಣು ನೋಡಿ, ಕನ್ನಡಕ ಮಾಡಿಕೊಟ್ಟವರು. ಈಗ ಅವರ ಕೈ ನಡುಗುತ್ತದಂತೆ. ಕೆಲಸ ಬಿಟ್ಟಿದ್ದಾರೆ.

ಗಾಡಿ ಮಾರುವವರು ಹೀಗೂ ಮಾತಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. "ಮೊದಲು ಇದರ ದೋಷ ಹೇಳಿಬಿಡ್ತೀನಿ," ಎಂದರು. "ಎರಡನೇ ಗೇರು ಒಂದು ಸಲಕ್ಕೆ ಕೇಳಲ್ಲ, ಇನ್ನೊಂದು ಸಲ ಮರ್ಯಾದೆಯಿಂದ ಕೇಳಬೇಕು. ಜೋರು ಮಳೆ ಬಂದ್ರೆ ಹಿಂದಿನ ಎಡ ಮೂಲೆ ಸೋರುತ್ತೆ, ಅಲ್ಲಿ ಒಂದು ಲೋಟ ಇಡಿ. ಹಾರ್ನು ಕೂಗಲ್ಲ, ಕೆಮ್ಮುತ್ತೆ. ಆದ್ರೆ ಎಲ್ಲೂ ನನ್ನ ಕೈಬಿಟ್ಟಿಲ್ಲ. ಇಪ್ಪತ್ತು ವರ್ಷ ನಾವಿಬ್ಬರೇ ಸುತ್ತಿದ್ದು."

ಇಬ್ಬರು ಎಂದರೆ ಅವರೂ ಗಾಡಿಯೂ ಎಂದುಕೊಂಡು ನಾನು ನಕ್ಕೆ.

ಅಕ್ಕ ನಗಲಿಲ್ಲ. ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ತೂರಿದಳು. ಅವಳು ಕೆಲಸ ಮಾಡುವುದನ್ನು ನೋಡುತ್ತ ನಿಲ್ಲುವುದು ನನಗೆ ಚಿಕ್ಕಂದಿನಿಂದಲೂ ಇಷ್ಟ. ಮಡಕೆ ಕೊಳ್ಳುವವರು ತಟ್ಟಿ ನೋಡುವ ಹಾಗೆ, ಬೆರಳಿನ ಗೆಣ್ಣಿನಲ್ಲಿ ಒಂದೊಂದು ಕಡೆ ತಟ್ಟಿ ಕೇಳಿಸಿಕೊಳ್ಳುತ್ತಾಳೆ. ತುಕ್ಕು ಹಿಡಿದ ಕಬ್ಬಿಣ ಬೇರೆ ದನಿಯಲ್ಲಿ ಮಾತಾಡುತ್ತದಂತೆ. ಹತ್ತು ನಿಮಿಷವಾದ ಮೇಲೆ ಹೊರಬಂದು, ಕೂದಲಿನ ಮಣ್ಣು ಕೊಡವದೆಯೇ, "ಇಷ್ಟು ವಯಸ್ಸಾದ ಗಾಡಿ ಹೊಟ್ಟೆ ಇಷ್ಟು ಸ್ವಚ್ಛ ಇರೋದು ನಾನು ನೋಡಿಲ್ಲ," ಎಂದಳು. ಅಕ್ಕ ಹೊಗಳಿದ್ದನ್ನು ನಾನು ವರ್ಷಕ್ಕೆ ಒಂದು ಸಲ ಕೇಳಿದರೆ ಹೆಚ್ಚು. ಕನ್ನಡಕದವರು ತಲೆ ತಗ್ಗಿಸಿದರು.

ಒಳಗೂ ಅಷ್ಟೇ ಅಚ್ಚುಕಟ್ಟು. ತೊಳೆದರೆ ನೀರು ತಾನಾಗಿ ಹರಿದುಹೋಗುವ ನೆಲ. ಎರಡು ಕಡೆ ಕಿಟಕಿ, ಅದಕ್ಕೆ ಎಳೆದು ಬಿಡುವ ಬಲೆ. ಗೋಡೆಗೆ ಸಣ್ಣ ಸಣ್ಣ ಖಾನೆಗಳು, ಒಂದೊಂದು ಖಾನೆಗೂ ಬಟ್ಟೆಯ ಹಾಸು. ಹಿಂಬದಿಯಲ್ಲಿ ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆ ಇನ್ನೂ ತೂಗಾಡುತ್ತಿತ್ತು. ಪಕ್ಕದ ಬಾಗಿಲಿಗೆ ಅವರೇ ಮರದ ಇನ್ನೊಂದು ಮೆಟ್ಟಿಲು ಕೂಡಿಸಿದ್ದರು, ಗೇಣೆತ್ತರವೂ ಇಲ್ಲ. "ಚಿಕ್ಕ ಕಾಲಿನವರು ಹತ್ತಬೇಕಿತ್ತಲ್ಲ," ಎಂದರು.

ಆಮೇಲೆ ಅಳಿಲನ್ನು ನೋಡಿ ಹೆಸರು ಕೇಳಿದರು. ಅವಳು ನನ್ನ ಬೆನ್ನಿನ ಹಿಂದೆ ಸರಿದಳು. ಸಾಮಾನ್ಯವಾಗಿ ಜನ ಇಲ್ಲಿ ಮತ್ತೊಮ್ಮೆ ಕೇಳುತ್ತಾರೆ, ಕೆನ್ನೆ ಹಿಂಡುತ್ತಾರೆ, ನಾಲಗೆ ಮನೆಯಲ್ಲೇ ಬಿಟ್ಟು ಬಂದೆಯಾ ಎನ್ನುತ್ತಾರೆ. ಅವರು ಮಾತ್ರ ಮೂಗಿನ ತುದಿಗೆ ಜಾರಿದ್ದ ಅವಳ ಕನ್ನಡಕವನ್ನು ನೋಡಿ ಅಂಗೈ ಚಾಚಿದರು. ಅವಳು ತುಸು ಹೊತ್ತು ಆ ಅಂಗೈಯನ್ನೇ ನೋಡಿ, ಕನ್ನಡಕ ತೆಗೆದು ಅದರ ಮೇಲಿಟ್ಟಳು. ನಡುಗುವ ಕೈಯನ್ನು ಗಾಡಿಗೆ ಒತ್ತಿ ಹಿಡಿದು ಅವರು ಸ್ಕ್ರೂ ಬಿಗಿ ಮಾಡಿದರು, ಗಾಜಿನ ಮೇಲೆ ಉಸಿರು ಬಿಟ್ಟು ಅಂಗಿಯ ತುದಿಯಲ್ಲಿ ಒರೆಸಿ ವಾಪಸು ಕೊಟ್ಟರು. ಅವಳು ಹಾಕಿಕೊಂಡು ತಲೆ ಅಲ್ಲಾಡಿಸಿ ನೋಡಿದಳು. ಜಾರಲಿಲ್ಲ.

ಕಂಬಳಿಯ ಸರದಿ ಬಂತು. ಅವನು ಮರದ ಮೆಟ್ಟಿಲ ಮೇಲೆ ಮುಂಗಾಲೆರಡನ್ನು ಇಟ್ಟ. ಆದರೆ ಮುಂದೆ ಹೋಗಲಿಲ್ಲ. ತೆರೆದ ಬಾಗಿಲಿನ ಕೆಳಭಾಗಕ್ಕೆ ಮೂಗು ಹಚ್ಚಿ, ಕಾಗದ ಓದುವವರ ಹಾಗೆ, ಮೂಸುತ್ತಲೇ ನಿಂತ. ಬಾಲ ಮೇಲೂ ಇಲ್ಲ, ಕೆಳಗೂ ಇಲ್ಲ.

"ಎರಡು ಕಾಲು ಇಟ್ಟಿದೆ," ಎಂದಳು ಅಕ್ಕ. "ಉಳಿದೆರಡನ್ನ ಕಂತಿನಲ್ಲಿ ಇಡುತ್ತೆ ಬಿಡು. ಇಷ್ಟು ದಿನ ಅಷ್ಟೂ ಇಟ್ಟಿರಲಿಲ್ಲ."

ಅದು ನಿಜ. ನಮ್ಮವರು ವ್ಯಾನು ಹುಡುಕಲು ಶುರುಮಾಡಿದಾಗಲೇ, ಕಂಬಳಿ ಒಪ್ಪಿದರೆ ನಾನೂ ಒಪ್ಪಿದೆ ಎಂದಿದ್ದರು. ಬೆಲೆಯೂ ನಾವು ಕೂಡಿಟ್ಟದ್ದರೊಳಗೇ ಇತ್ತು. ಇದೇ ನಮ್ಮ ಗಾಡಿ ಎಂದು ನನ್ನ ಮನಸ್ಸು ಆಗಲೇ ಖಾನೆಗಳಲ್ಲಿ ತಟ್ಟೆ ಲೋಟ ಜೋಡಿಸತೊಡಗಿತ್ತು.

ಅಳಿಲು ಮಾತ್ರ ಒಳಗೆ ನೆಲದ ಮೇಲೆ ಕೂತಿದ್ದಳು. ದಾರ ಹಾಸಿ ಅಳೆದಾಗಿತ್ತು, ಕಂಬಳಿಯ ಗಂಟು ದಾಟಿ ಇನ್ನೂ ಜಾಗ ಉಳಿದಿತ್ತು. ಈಗ ಅವಳು ದಾರ ಬಿಟ್ಟು ಬಾಗಿಲಿನ ಒಳಮೈಯನ್ನು ನೋಡುತ್ತಿದ್ದಳು, ಕಂಬಳಿ ಮೂಸುತ್ತಿದ್ದ ಜಾಗವನ್ನೇ. ನಾನೂ ಬಗ್ಗಿ ನೋಡಿದೆ. ಅಲ್ಲಿ ಬಣ್ಣ ಹೋಗಿ ತಗಡು ಕಾಣುತ್ತಿತ್ತು. ಗೀರುಗಳು. ಕನ್ನಡಕದ ಪೆಟ್ಟಿಗೆಗಳು ತಗುಲಿರಬೇಕು ಎಂದುಕೊಂಡೆ. ಅಳಿಲು ತನ್ನ ನಾಲ್ಕು ಬೆರಳನ್ನು ಆ ಗೀರುಗಳ ಮೇಲಿಟ್ಟಳು. ಹೊಂದಲಿಲ್ಲ. ಆಮೇಲೆ ಕಂಬಳಿಯ ಮುಂಗಾಲನ್ನು ಮೆಲ್ಲಗೆ ಎತ್ತಿ ಅಲ್ಲಿಗೆ ಹಿಡಿದಳು. ಒಂದೊಂದು ಉಗುರೂ ಒಂದೊಂದು ಗೀರಿನೊಳಗೆ ಕೂತಿತು.

ಅವರು ನಾವಿಬ್ಬರೇ ಎಂದದ್ದು ಯಾರನ್ನು ಎಂದು ನನಗೆ ಆಗ ಗೊತ್ತಾಯಿತು. ಜೊತೆಗೊಂದು ನಾಯಿ ಇತ್ತು, ಆ ಮೆಟ್ಟಿಲು ಬರೀ ಮಕ್ಕಳಿಗಾಗಿ ಅಲ್ಲ. ಬಾಡಿಗೆ ಕಾರಿನ ಬಾಗಿಲು, ಕಂಬಳಿಯ ಉಗುರಿನ ರಕ್ತ ಕಣ್ಣ ಮುಂದೆ ಬಂದವು. ಗೇರು, ಸೋರುವ ಮೂಲೆ, ಹಾರ್ನು ಎಲ್ಲವನ್ನೂ ಹೇಳಿದ ಮನುಷ್ಯ ಇದೊಂದನ್ನು ಹೇಳಿರಲಿಲ್ಲ. ಈ ಗಾಡಿಯಲ್ಲಿ ಒಂದು ನಾಯಿ ವರ್ಷಗಟ್ಟಲೆ ಹೆದರಿ ಒದ್ದಾಡಿದ್ದರೆ, ಆ ವಾಸನೆಯನ್ನೇ ಕಂಬಳಿ ಓದುತ್ತಿದ್ದರೆ, ಉಳಿದೆರಡು ಕಾಲು ಎಂದೂ ಒಳಗೆ ಬರುವುದಿಲ್ಲ. ನಾವು ಮತ್ತೆ ಮನೆಯಲ್ಲೇ.

ಅಕ್ಕ ಚಿಂದಿಯಲ್ಲಿ ಕೈ ಒರೆಸಿಕೊಂಡು ಕನ್ನಡಕದವರ ಕಡೆ ಚಾಚುತ್ತ ನನ್ನನ್ನು ನೋಡಿದಳು. "ಏನೇ, ಹೂಂ ಅನ್ನೋಣವಾ?"

ನನ್ನ ತೋಳು ಎಳೆದಂತಾಯಿತು. ಅಭ್ಯಾಸದಂತೆ ಬಗ್ಗಿ ಕಿವಿ ಕೊಟ್ಟೆ. ಬಿಸಿಯುಸಿರು ತಗುಲಿತು, ಮಾತು ಬರಲಿಲ್ಲ. ನಾನು ಹೇಗೆ ಕೇಳುತ್ತೇನೆಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. "ನೀವೂ ನಾಯಿ ಸಾಕಿದ್ರೇನೋ ಅಲ್ವಾ?" ಎನ್ನುತ್ತಿದ್ದೆ. ಅವರು ಹೌದಮ್ಮ ಎನ್ನುತ್ತಿದ್ದರು. ಅಷ್ಟಕ್ಕೇ ಮುಗಿಯುತ್ತಿತ್ತು.

ಅಳಿಲು ನನ್ನ ತೋಳು ಬಿಟ್ಟಳು. ಮರದ ಮೆಟ್ಟಿಲ ಮೇಲೆ, ಕಂಬಳಿಯ ಪಕ್ಕ ಬಂದು ನಿಂತಳು. ಒಂದು ಕೈ ಅವನ ಜೂಲಿನಲ್ಲಿ ಹುದುಗಿತ್ತು. ಬಾಯಿ ತೆರೆಯಿತು, ಮುಚ್ಚಿತು. ತುಟಿಗೆ ಬಂದ ಮಾತನ್ನು ನಾನು ನುಂಗಿಕೊಂಡೆ. ಒಲೆಯ ಮೇಲಿನ ಹಾಲು ಉಕ್ಕುವುದನ್ನು ನೋಡುತ್ತ ಕೈಕಟ್ಟಿ ನಿಲ್ಲುವುದು ಎಷ್ಟು ಕಷ್ಟವೋ ಅಷ್ಟು ಕಷ್ಟವಾಯಿತು. ಅಕ್ಕನ ಕೈ ಚಾಚಿದಲ್ಲೇ ಉಳಿಯಿತು.

ಕನ್ನಡಕದವರು ಅವಸರ ಮಾಡಲಿಲ್ಲ. ಅಕ್ಷರದ ಹಲಗೆಯ ಮುಂದೆ ನಿಂತ ಮಕ್ಕಳು ಒಂದೊಂದೇ ಅಕ್ಷರ ಹೇಳುವವರೆಗೆ ಇಪ್ಪತ್ತು ವರ್ಷ ಕಾದ ಮನುಷ್ಯ. ಮೊಣಕಾಲಿನ ಮೇಲೆ ಕೈಯೂರಿ, ಮುಖವನ್ನು ಅವಳ ಮುಖದ ಮಟ್ಟಕ್ಕೆ ತಂದು, ಸುಮ್ಮನೆ ನಿಂತರು.

"ಅಜ್ಜ," ಎಂದಳು ಅಳಿಲು. ಮನೆಯಲ್ಲಿ ದಿನವೂ ಕೇಳುವ ದನಿಯೇ, ಸ್ವಲ್ಪ ಒಣಗಿತ್ತು. "ಈ ಗೀರು ನಿಮ್ಮ ನಾಯೀದು. ಅದು ಭಯ ಆಗಿ ಕೆರೀತಿತ್ತಾ, ಇಲ್ಲ ಊರು ಬಂತು ಅಂತ ಇಳಿಯೋ ಖುಷಿಗೆ ಕೆರೀತಿತ್ತಾ?"